ಹತ್ತು ನಿಮಿಷ ಬಾಗಿಲು ಹಾಕಿ

2018ರ ಏಪ್ರಿಲ್ 22, ಭಾನುವಾರ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ತನ್ನ 52 ಲಕ್ಷ ಗ್ರಾಹಕರ ಲೆಕ್ಕಪತ್ರವನ್ನೆಲ್ಲ ಹಳೆಯ ಒಡೆಯ ಲಾಯ್ಡ್ಸ್ ಬ್ಯಾಂಕಿನ ಕಂಪ್ಯೂಟರುಗಳಿಂದ ಬಿಡಿಸಿಕೊಂಡು, ಹೊಸ ಒಡೆಯನಾದ ಸ್ಪೇನಿನ ಸಬಡೆಲ್ ಬ್ಯಾಂಕು ಕಟ್ಟಿಸಿದ ವ್ಯವಸ್ಥೆಗೆ ಆ ವಾರಾಂತ್ಯದಲ್ಲಿ ಸಾಗಿಸಿತ್ತು. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಜನರಿಗೆ ತಮ್ಮ ಖಾತೆಯೊಳಗೆ ಹೋಗಲು ಆಗಲಿಲ್ಲ. ಹೋದವರಲ್ಲಿ ಕೆಲವರಿಗೆ ಬೇರೆಯವರ ಲೆಕ್ಕ ಕಾಣಿಸಿತು. ಬ್ಯಾಂಕಿನ ಎಲ್ಲ ಶಾಖೆಗಳಿಗೂ ಬಿಸಿ ತಟ್ಟಿತು. ಕೆಲಸ ಸಹಜ ಸ್ಥಿತಿಗೆ ಮರಳುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಗ್ರಾಹಕರಿಗೆ ಕೊಟ್ಟ ಪರಿಹಾರ 3.27 ಕೋಟಿ ಪೌಂಡ್. 2022ರ ಡಿಸೆಂಬರಿನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಗಳು ಹಾಕಿದ ದಂಡ 4.86 ಕೋಟಿ ಪೌಂಡಿಗೂ ಹೆಚ್ಚು. ಆ ಸಂಸ್ಥೆಗಳೇ ಗುರುತಿಸಿದ ಒಂದು ಸಂಗತಿ ಈ ದೊಡ್ಡ ಅಂಕಿಗಳ ನಡುವೆ ಸುಲಭವಾಗಿ ಕಣ್ತಪ್ಪುತ್ತದೆ: ಡೇಟಾ ಸರಿಯಾಗಿಯೇ ಸಾಗಿತ್ತು.

ಸಾಗಿಸಬೇಕಾದದ್ದು ಸರಿಯಾಗಿ ಸಾಗಿದ ಮೇಲೂ ಸ್ಥಳಾಂತರ ಕೆಟ್ಟಿತು ಎಂದರೆ, ಸ್ಥಳಾಂತರ ಎಂಬ ಮಾತಿಗೆ ನಾವು ಕೊಟ್ಟುಕೊಂಡಿರುವ ಅರ್ಥದಲ್ಲೇ ಏನೋ ಕೊರತೆ ಇದೆ. ಡೇಟಾಬೇಸಿನ ಟೇಬಲ್ ಒಂದನ್ನು ಒಂದು ಕ್ಲೌಡ್ ಖಾತೆಯಿಂದ ಇನ್ನೊಂದಕ್ಕೆ ಒಯ್ಯುವ ಕೆಲಸ ಇಂದು ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಚೇರಿಯಲ್ಲಿ ಹೊಸದೇನಲ್ಲ. ಕಂಪನಿ ಮಾರಾಟವಾಗುತ್ತದೆ, ಎರಡು ಕಂಪನಿಗಳು ಕೂಡುತ್ತವೆ, ಪ್ರಯೋಗಕ್ಕೆಂದು ಶುರುವಾದದ್ದು ಲಕ್ಷಾಂತರ ಜನ ಬಳಸುವ ಸೇವೆಯಾಗುತ್ತದೆ. ಆಗೆಲ್ಲ ಟೇಬಲ್ ಮನೆ ಬದಲಿಸಬೇಕಾಗುತ್ತದೆ. ಈ ಕೆಲಸವನ್ನು ನಕಲು ಎಂದು ಯೋಜಿಸುವವರೇ ಹೆಚ್ಚು. ಎಷ್ಟು ಜಿಬಿ ಇದೆ, ಯಾವ ಸಾಧನ ಬಳಸಬೇಕು, ಎಷ್ಟು ಹೊತ್ತು ಬೇಕು ಎಂಬಲ್ಲಿಗೆ ಲೆಕ್ಕ ಮುಗಿದುಬಿಡುತ್ತದೆ. ಈ ಕ್ಷಣದಲ್ಲಿ ಯಾವ ಪ್ರತಿಯ ಮಾತು ನಿಜ, ಬರೆಯುವ ಅಧಿಕಾರ ಯಾರಲ್ಲಿದೆ, ಅದು ಒಂದು ಕೈಯಿಂದ ಇನ್ನೊಂದಕ್ಕೆ ದಾಟುವುದು ಯಾವಾಗ ಎಂಬುದೇ ಸ್ಥಳಾಂತರದ ತಿರುಳು ಎಂದು ನಾನು ತಿಳಿದಿದ್ದೇನೆ. ಆ ದಾಟುವ ಗಳಿಗೆಯಲ್ಲಿ, ಜನರಿಗೆ ಮುಂಚೆಯೇ ಹೇಳಿ, ಹತ್ತು ನಿಮಿಷ ಬರವಣಿಗೆಯನ್ನು ನಿಲ್ಲಿಸುವುದು ಬಹುಪಾಲು ಸಂಸ್ಥೆಗಳಿಗೆ ಸರಿಯಾದ ದಾರಿ. ಒಂದು ಕ್ಷಣವೂ ನಿಲ್ಲದೆ ಸಾಗಿಸುತ್ತೇವೆ ಎಂಬ ಹಟವೇ ಹೆಚ್ಚು ಅಪಾಯದ್ದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ವ್ಯವಸ್ಥೆಯನ್ನು ಹಿಡಿದುಕೊಳ್ಳೋಣ: ಅಮೆಜಾನಿನ ಡೈನಮೊಡಿಬಿ. ಅಮೆಜಾನ್ ತನ್ನ ಅಂಗಡಿಯ ಒಳಬಳಕೆಗೆ ಕಟ್ಟಿಕೊಂಡ ಡೈನಮೊ ಎಂಬ ವ್ಯವಸ್ಥೆಯ ಬಗ್ಗೆ 2007ರಲ್ಲಿ ಅದರ ಎಂಜಿನಿಯರುಗಳು ಪ್ರಬಂಧ ಪ್ರಕಟಿಸಿದ್ದರು. ಆ ಅನುಭವದ ಮೇಲೆ 2012ರ ಜನವರಿಯಲ್ಲಿ ಈ ಸೇವೆ ಎಲ್ಲರಿಗೂ ಸಿಕ್ಕಿತು. ಇಲ್ಲಿ ಖಾತೆ ಎಂದರೆ 12 ಅಂಕಿಗಳ ಒಂದು ಸಂಖ್ಯೆ. ಬಿಲ್ಲು ಅದರ ಹೆಸರಿಗೆ, ಅನುಮತಿಗಳು ಅದರೊಳಗೆ, ಕೆಟ್ಟದ್ದು ನಡೆದರೂ ಅದರ ಕಾಂಪೌಂಡು ದಾಟದಂತೆ. ಈ ಕಾಂಪೌಂಡಿನ ಬೆಲೆ ಏನೆಂದು 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕತೆ ತೋರಿಸಿತು. ಅದರ ಕ್ಲೌಡ್ ಖಾತೆಯ ನಿಯಂತ್ರಣ ಫಲಕಕ್ಕೆ ನುಗ್ಗಿದವರು ಹಣ ಕೇಳಿದರು. ಕಂಪನಿ ಖಾತೆಯನ್ನು ಮರಳಿ ಹಿಡಿಯಲು ಹೊರಟಾಗ ಸಿಕ್ಕಿದ್ದನ್ನೆಲ್ಲ ಅಳಿಸಿದರು. ಡೇಟಾದ ಜೊತೆಗೆ ಬ್ಯಾಕಪ್‌ಗಳೂ ಅದೇ ಆವರಣದಲ್ಲಿದ್ದವು. ಗಂಟೆಗಳ ಲೆಕ್ಕದಲ್ಲಿ ಕಂಪನಿಯ ಕತೆ ಮುಗಿಯಿತು. ಪ್ರಯೋಗಕ್ಕೊಂದು, ಜನಬಳಕೆಗೊಂದು, ಬ್ಯಾಕಪ್ಪಿಗೊಂದು ಎಂದು ಖಾತೆಗಳನ್ನು ಬೇರೆಬೇರೆ ಇಡಬೇಕೆಂಬ ಸಲಹೆಯ ಹಿಂದೆ ಇಂಥ ಅನುಭವಗಳಿವೆ. ಆದ್ದರಿಂದ ಟೇಬಲ್‌ಗಳನ್ನು ಸಾಗಿಸುವುದು ಸೋಮಾರಿತನದಿಂದ ಮುಂದೂಡುತ್ತ ಹೋಗಬಹುದಾದ ಕೆಲಸವಲ್ಲ.

ಸಾಗಿಸಲು ದಾರಿಗಳಿಗೆ ಬರವಿಲ್ಲ. ಟೇಬಲ್ಲನ್ನು ಸಾಲುಸಾಲಾಗಿ ಓದಿ ಆಚೆ ಬರೆಯುವ ಸ್ಕ್ರಿಪ್ಟು ಎಲ್ಲಕ್ಕಿಂತ ಹಳೆಯದು, ಎಲ್ಲರ ಕೈಗೂ ಮೊದಲು ಸಿಗುವುದೂ ಅದೇ. ಬ್ಯಾಕಪ್ಪನ್ನು ಒಂದೇ ಸಂಘಟನೆಯ ಇನ್ನೊಂದು ಖಾತೆಗೆ ನಕಲಿಸಿ ಅಲ್ಲಿ ಜೀವ ಕೊಡುವುದು ಇನ್ನೊಂದು ದಾರಿ. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು: ಟೇಬಲ್ಲನ್ನು ಎಸ್3 ಎಂಬ ಕಡತ ಉಗ್ರಾಣಕ್ಕೆ ರಫ್ತು ಮಾಡಿ, ಅಲ್ಲಿಂದ ಹೊಸ ಖಾತೆಯ ಹೊಸ ಟೇಬಲ್ಲಿಗೆ ಆಮದು ಮಾಡುವುದು. ರಫ್ತಿನ ಸೌಲಭ್ಯ 2020ರಲ್ಲಿ ಬಂತು, ಆಮದಿನದು 2022ರಲ್ಲಿ. ಕಳೆದ 35 ದಿನಗಳ ಯಾವುದೇ ಸೆಕೆಂಡಿಗೆ ಟೇಬಲ್ ಹೇಗಿತ್ತೋ ಹಾಗೆ ತೋರಿಸಬಲ್ಲ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ, ಬೇಕಾದ ಒಂದು ಗಳಿಗೆಯ ಚಿತ್ರವನ್ನು ತೆಗೆದುಕೊಡಲು ಹೇಳಬಹುದು. ನಡೆಯುತ್ತಿರುವ ಟೇಬಲ್ಲಿನ ಓದುವ ಶಕ್ತಿಯನ್ನು ಅದು ಮುಟ್ಟುವುದೇ ಇಲ್ಲ. ಆಮದಿಗೆ ಮಾತ್ರ ಒಂದು ಕಟ್ಟುಪಾಡು ಇದೆ: ಈಗಾಗಲೇ ಇರುವ ಟೇಬಲ್ಲಿನೊಳಕ್ಕೆ ಸುರಿಯಲು ಬಿಡುವುದಿಲ್ಲ, ಪ್ರತಿ ಸಲವೂ ಹೊಸ ಟೇಬಲ್ಲನ್ನೇ ಕಟ್ಟುತ್ತದೆ. ಅಂದರೆ ನಿನ್ನೆ ಆಮದು ಮಾಡಿದ್ದರ ಮೇಲೆ ಇಂದಿನದನ್ನು ಹೇರಲು ಆಗದು. ಚಿತ್ರ ತೆಗೆದ ಮೇಲೆ ಹಳೆಯ ಟೇಬಲ್ಲಿನಲ್ಲಿ ಆದ ಬದಲಾವಣೆಗಳನ್ನು ಬೇರೆ ದಾರಿಯಿಂದ ತಂದು ಸೇರಿಸಬೇಕು. ಕಷ್ಟ ಶುರುವಾಗುವುದೇ ಅಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ. ಟೇಬಲ್ 500 ಜಿಬಿ ಇದೆ, ಒಂದು ಸಾಲು ಸರಾಸರಿ 1 ಕೆಬಿ ಎಂದುಕೊಳ್ಳಿ. ಸಾಲುಗಳು ಹತ್ತಿರಹತ್ತಿರ 50 ಕೋಟಿ. ಸ್ಕ್ರಿಪ್ಟು ಒಂದು ಸಲ ಓದುವಾಗ ಕೈಗೆ ಬರುವುದು ಹೆಚ್ಚೆಂದರೆ 1 ಎಂಬಿ. ಆದ್ದರಿಂದ ಓದಲಿಕ್ಕೇ 5 ಲಕ್ಷ ಸಲ ಕೇಳಬೇಕು. ಬರೆಯುವಾಗ ಒಂದು ಕಂತಿಗೆ 25 ಸಾಲು ಮೀರುವಂತಿಲ್ಲ. 2 ಕೋಟಿ ಕಂತುಗಳಾದವು. ಸೆಕೆಂಡಿಗೆ 5 ಸಾವಿರ ಸಾಲು ಬರೆದರೂ 1 ಲಕ್ಷ ಸೆಕೆಂಡು, ಅಂದರೆ ಸುಮಾರು 28 ಗಂಟೆ. ಅಷ್ಟು ಹೊತ್ತು ಹಳೆಯ ಟೇಬಲ್ ಸುಮ್ಮನೆ ಕೂತಿರುವುದಿಲ್ಲ. ಯಾರೋ ವಿಳಾಸ ಬದಲಿಸುತ್ತಾರೆ, ಯಾರೋ ಆರ್ಡರ್ ರದ್ದು ಮಾಡುತ್ತಾರೆ. ಆ ಬದಲಾವಣೆಗಳನ್ನು ಬರೆದಿಟ್ಟುಕೊಳ್ಳಲು ಡೈನಮೊಡಿಬಿಯಲ್ಲಿ ಸ್ಟ್ರೀಮ್ ಎಂಬ ಏರ್ಪಾಡಿದೆ. ಹಳೆಯ ಅಂಗಡಿಗಳ ಕಿರ್ದಿ ಪುಸ್ತಕದ ಹಾಗೆ ಆದದ್ದನ್ನೆಲ್ಲ ಆದ ಕ್ರಮದಲ್ಲಿ ಅದು ಬರೆದಿಡುತ್ತದೆ. ಆದರೆ ಆ ಕಿರ್ದಿಯ ಹಾಳೆ 24 ಗಂಟೆಗೆ ಹರಿದುಹೋಗುತ್ತದೆ. 28 ಗಂಟೆಯ ನಕಲಿಗೆ 24 ಗಂಟೆಯ ಕಿರ್ದಿ! ಮೊದಲ ನಾಲ್ಕು ಗಂಟೆಗಳಲ್ಲಿ ಆದ ಬದಲಾವಣೆಗಳು ಎಲ್ಲಿ ಹೋದವೆಂದು ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಬದಲಾವಣೆಗಳನ್ನು ಕಿನೆಸಿಸ್ ಎಂಬ ಇನ್ನೊಂದು ಸೇವೆಗೆ ಹರಿಸಿದರೆ 365 ದಿನದವರೆಗೂ ಇಟ್ಟುಕೊಳ್ಳಬಹುದು. ಅದಕ್ಕೆ ತೆರಬೇಕಾದ ಬೆಲೆ, ಅಲ್ಲಿ ಒಂದೇ ಬದಲಾವಣೆ ಎರಡು ಸಲ ಬರಬಹುದು, ಹಿಂದಿನದು ಮುಂದಾಗಿಯೂ ಬರಬಹುದು. ಪ್ರತಿಯೊಂದರ ಸಮಯದ ಮೊಹರನ್ನು ನೋಡಿ ಹೊಂದಿಸಿಕೊಳ್ಳುವ ಹೊಣೆ ಸಾಗಿಸುವವರದ್ದು.

ಕಳೆದುಹೋದ ಸಾಲಿಗಿಂತ ನನ್ನನ್ನು ಹೆಚ್ಚು ಕಾಡುವುದು ಸತ್ತು ಎದ್ದುಬರುವ ಸಾಲು. ಸ್ಕ್ರಿಪ್ಟು ಹತ್ತು ಗಂಟೆಗೆ ಒಬ್ಬ ಗ್ರಾಹಕರ ಸಾಲನ್ನು ಓದಿ ಕೈಯಲ್ಲಿ ಹಿಡಿದುಕೊಳ್ಳುತ್ತದೆ. ಹತ್ತು ಗಂಟೆ ಒಂದು ಸೆಕೆಂಡಿಗೆ ಆ ಗ್ರಾಹಕರು ತಮ್ಮ ವಿವರವನ್ನು ಅಳಿಸುತ್ತಾರೆ. ಅಳಿಸಿದ ಸುದ್ದಿ ಸ್ಟ್ರೀಮಿನಲ್ಲಿ ಹರಿದು ಹೊಸ ಟೇಬಲ್ಲಿಗೆ ತಲುಪುತ್ತದೆ. ಅಲ್ಲಿ ಆ ಸಾಲು ಇನ್ನೂ ಬಂದೇ ಇಲ್ಲ, ಅಳಿಸಲು ಏನೂ ಇಲ್ಲ, ಸುದ್ದಿ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಹತ್ತು ಗಂಟೆ ಎರಡು ಸೆಕೆಂಡಿಗೆ ಸ್ಕ್ರಿಪ್ಟು ತನ್ನ ಕೈಯಲ್ಲಿದ್ದ ಹಳೆಯ ಪ್ರತಿಯನ್ನು ಹೊಸ ಟೇಬಲ್ಲಿನಲ್ಲಿ ಬರೆಯುತ್ತದೆ. ಈಗ ಆ ಗ್ರಾಹಕರ ವಿವರ ಹೊಸ ಮನೆಯಲ್ಲಿ ಶಾಶ್ವತವಾಗಿ ಬದುಕಿದೆ. ಯಾವ ತಪ್ಪಿನ ಸಂದೇಶವೂ ಬರಲಿಲ್ಲ, ಯಾವ ಹಂತವೂ ವಿಫಲವಾಗಲಿಲ್ಲ. ತನ್ನ ವಿವರ ಅಳಿಸಿ ಎಂದು ಕೇಳುವ ಹಕ್ಕನ್ನು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಜೆಗೆ ಕೊಟ್ಟಿದೆ. ಎರಡು ಸೆಕೆಂಡಿನ ಈ ಅದಲುಬದಲು ಆ ಹಕ್ಕನ್ನು ಸದ್ದಿಲ್ಲದೆ ಮುರಿಯುತ್ತದೆ. ಹೊಸ ಟೇಬಲ್ಲಿನಲ್ಲಿರುವುದು ಇದಕ್ಕಿಂತ ಹೊಸದಾಗಿದ್ದರೆ ಬರೆಯಬೇಡ ಎಂದು ಷರತ್ತು ಹಾಕಬಹುದಲ್ಲ ಎನ್ನಬಹುದು. ಕಂತುಗಟ್ಟಲೆ ಬರೆಯುವ ಆಜ್ಞೆಗೆ ಷರತ್ತು ಜೋಡಿಸಲು ಬರುವುದಿಲ್ಲ. ಒಂದೊಂದಾಗಿ ಬರೆದರೆ 28 ಗಂಟೆಯ ಲೆಕ್ಕ ಇನ್ನೂ ಹಿಗ್ಗುತ್ತದೆ. ಅಷ್ಟಕ್ಕೂ ಅಳಿಸಿಹೋದ ಸಾಲಿಗೆ ಹೋಲಿಸಿ ನೋಡಲು ಗುರುತೇ ಉಳಿದಿರುವುದಿಲ್ಲ. ರಫ್ತು-ಆಮದಿನ ದಾರಿ ನನಗೆ ಹಿಡಿಸುವುದು ಈ ಕಾರಣಕ್ಕೆ. ಬದಲಾವಣೆಗಳನ್ನು ಹಿಡಿದಿಡುವುದನ್ನು ಮೊದಲೇ ಶುರುಮಾಡಿ, ಒಂದು ಗಳಿಗೆಯ ಚಿತ್ರವನ್ನು ಪೂರ್ತಿಯಾಗಿ ಹೊಸ ಟೇಬಲ್ಲಿನಲ್ಲಿ ಇಳಿಸಿ ಮುಗಿಸಿದ ಮೇಲೆಯೇ ಬದಲಾವಣೆಗಳನ್ನು ಆಡಿಸುವುದು. ಚಿತ್ರ ಮೊದಲು, ಬದಲಾವಣೆ ಆಮೇಲೆ ಎಂಬ ಕ್ರಮ ಗಟ್ಟಿಯಾಗಿದ್ದರೆ ಸತ್ತ ಸಾಲು ಏಳುವುದಿಲ್ಲ.

ಸಣ್ಣ ನಷ್ಟಗಳೂ ಇವೆ. ಕಂತಿನಲ್ಲಿ ಬರೆಯುವ ಆಜ್ಞೆ ಒಟ್ಟಾರೆ ಗೆದ್ದಿತು ಎಂದು ಉತ್ತರ ಕೊಟ್ಟೇ, ಅದೇ ಉತ್ತರದ ಒಂದು ಮೂಲೆಯಲ್ಲಿ ಈ ಕೆಲವು ಸಾಲುಗಳನ್ನು ಬರೆಯಲಾಗಲಿಲ್ಲ ಎಂದು ವಾಪಸು ಕೊಡುತ್ತದೆ. ಆ ಮೂಲೆಯನ್ನು ನೋಡದ ಸ್ಕ್ರಿಪ್ಟು ಅವನ್ನು ದಾರಿಯಲ್ಲೇ ಚೆಲ್ಲಿ ಬರುತ್ತದೆ. ಡೈನಮೊಡಿಬಿಯ ಸಂಖ್ಯೆ 38 ಅಂಕಿಗಳವರೆಗೆ ಕರಾರುವಾಕ್ಕು, ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 16 ಅಂಕಿಗೇ ಎಡವುತ್ತದೆ; ನಡುವೆ ಅಂಥ ಭಾಷೆಯ ಸ್ಕ್ರಿಪ್ಟು ಅಜಾಗರೂಕವಾಗಿ ನಿಂತರೆ ಉದ್ದದ ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳು ಬದಲಾಗಿ ಇಳಿಯುತ್ತವೆ. ಎಲ್ಲ ಬಂತೋ ಎಂದು ನೋಡಲು ಎರಡೂ ಟೇಬಲ್ಲುಗಳ ಸಾಲಿನ ಎಣಿಕೆಯನ್ನು ಹೋಲಿಸುವ ಅಭ್ಯಾಸ ಎಲ್ಲೆಡೆ ಇದೆ. ಫಲಕದಲ್ಲಿ ಸುಮ್ಮನೆ ಸಿಗುವ ಆ ಎಣಿಕೆ ಸುಮಾರು ಆರು ಗಂಟೆಗೊಮ್ಮೆ ಮಾತ್ರ ಹೊಸದಾಗುತ್ತದೆ. ಎಣಿಕೆ ಸರಿಹೋದರೂ ಒಳಗಿನದು ಸರಿಯಿದೆ ಎಂದೇನೂ ಆಗಲಿಲ್ಲ. ಸಾಲುಗಳ ಒಳಗನ್ನೇ ತೆಗೆದು ಹೋಲಿಸಬೇಕು, ಬೇರೆ ದಾರಿಯಿಲ್ಲ.

ಡೇಟಾದ ಸುತ್ತ ಇರುವ ಸಂಸಾರ ಜೊತೆಗೆ ಬರುವುದಿಲ್ಲ ಎಂಬುದು ಖಾತೆ ಬದಲಿಸುವಾಗಿನ ವಿಶೇಷ ತೊಡಕು. ಒಂದೇ ಖಾತೆಯೊಳಗೆ ಸರಿದಾಡುವಾಗ ಕಾಣದ ಗೋಡೆ ಇಲ್ಲಿ ಎದುರಾಗುತ್ತದೆ. ಟೇಬಲ್ಲಿನ ಗೂಢಲಿಪಿಗೆ ಅಮೆಜಾನ್ ತಾನೇ ನಿರ್ವಹಿಸುವ ಕೀ ಬಳಸಿದ್ದರೆ ಆ ಕೀಯನ್ನು ಬೇರೆ ಖಾತೆಯೊಂದಿಗೆ ಹಂಚಿಕೊಳ್ಳಲು ಬರುವುದಿಲ್ಲ; ಅದರಿಂದ ಬೀಗ ಹಾಕಿದ ಬ್ಯಾಕಪ್ಪು ಕಾಂಪೌಂಡಿನ ಆಚೆ ತೆರೆಯದ ಪೆಟ್ಟಿಗೆ. ಬ್ಯಾಕಪ್ಪಿನಿಂದ ಎದ್ದ ಟೇಬಲ್ಲಿಗೆ ಹಳೆಯದರ ಅನುಮತಿಗಳು, ಎಚ್ಚರಿಕೆಯ ಗಂಟೆಗಳು, ಹೊರೆಗೆ ತಕ್ಕಂತೆ ಹಿಗ್ಗುವ ನಿಯಮಗಳು, ಸ್ಟ್ರೀಮಿನ ಏರ್ಪಾಡು ಯಾವುದೂ ಇರುವುದಿಲ್ಲ. ಇವನ್ನೆಲ್ಲ ಕೈಯಾರೆ ಮತ್ತೆ ಕಟ್ಟಬೇಕು. ಇವುಗಳಲ್ಲಿ ಎಲ್ಲರೂ ಮರೆಯುವಂಥದ್ದು, ಅವಧಿ ಮುಗಿದ ಸಾಲನ್ನು ತಾನಾಗಿ ಅಳಿಸುವ ಏರ್ಪಾಡು. ಹಳೆಯ ಮನೆಯಲ್ಲಿ ತಾನೇ ಗುಡಿಸಿಹೋಗುತ್ತಿದ್ದ ಲಾಗಿನ್ ಗುರುತುಗಳು, ತಾತ್ಕಾಲಿಕ ಕೂಪನ್ನುಗಳು ಹೊಸ ಮನೆಯಲ್ಲಿ ರಾಶಿ ಬೀಳುತ್ತ ಹೋಗುತ್ತವೆ. ಮೊದಲ ವಾರ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಸಂಗತಿ ಟಿಎಸ್‌ಬಿಯನ್ನು ನೇರವಾಗಿ ನೆನಪಿಸುತ್ತದೆ: ಬಳಸಿದಷ್ಟಕ್ಕೆ ದುಡ್ಡು ಎಂಬ ಪದ್ಧತಿಯಲ್ಲಿ ಹೊಸದಾಗಿ ಕಟ್ಟಿದ ಟೇಬಲ್ ಆರಂಭದಲ್ಲಿ ತಾಳುವುದು ಸೆಕೆಂಡಿಗೆ 4 ಸಾವಿರ ಬರವಣಿಗೆ, 12 ಸಾವಿರ ಓದು. ವರ್ಷಗಟ್ಟಲೆ ಬಳಕೆಯಿಂದ ಹಿಗ್ಗಿದ ಹಳೆಯ ಟೇಬಲ್ ಹೊರುತ್ತಿದ್ದ ಭಾರವನ್ನು ಒಂದೇ ಏಟಿಗೆ ಇದರ ತಲೆಯ ಮೇಲಿಟ್ಟರೆ, ಡೇಟಾ ಪೂರ್ತಿ ಬಂದಿದ್ದರೂ ಗ್ರಾಹಕರಿಗೆ ಕಾಣುವುದು ಮುಚ್ಚಿದ ಬಾಗಿಲು. ಟೇಬಲ್ಲನ್ನು ಮೊದಲೇ ಕಾಯಿಸಿ ಇಡುವ ಸೌಲಭ್ಯ ಈಗ ಬಂದಿದೆ. ಅದನ್ನು ಬಳಸಬೇಕೆಂದು ಹೊಳೆಯುವುದು, ಸ್ಥಳಾಂತರ ಎಂದರೆ ನಕಲಿಗಿಂತ ದೊಡ್ಡದು ಎಂದು ತಿಳಿದವರಿಗೆ ಮಾತ್ರ.

ಅಧಿಕಾರದ ಹಸ್ತಾಂತರ ಎಂದರೆ ಏನೆಂದು ಕನ್ನಡಿಗರಿಗೆ ವಿವರಿಸಲು ದೂರ ಹೋಗಬೇಕಿಲ್ಲ. ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಭೂದಾಖಲೆಗಳನ್ನು, ಶಾನುಭೋಗಿಕೆಯ ಕಾಲದಿಂದ ಬಂದ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ನಮ್ಮಲ್ಲೇ ನಡೆದಿದೆ. ಆ ಯೋಜನೆಯಲ್ಲಿ ಟೈಪು ಮಾಡಿಸಿದ್ದು ದೊಡ್ಡ ಕೆಲಸವೇ. ಟೈಪಾದದ್ದನ್ನು ಮುದ್ರಿಸಿ ಗ್ರಾಮ ಲೆಕ್ಕಿಗರಿಂದ ತಾಳೆ ನೋಡಿಸಿದ್ದು ಅದಕ್ಕಿಂತ ದೊಡ್ಡದು. ಆದರೆ ಯೋಜನೆ ನೆಲೆನಿಂತದ್ದು ಬೇರೊಂದು ನಿರ್ಧಾರದಿಂದ: ಒಂದು ತಾಲ್ಲೂಕಿನಲ್ಲಿ ಭೂಮಿ ಕೇಂದ್ರ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸಾರಲಾಯಿತು. ಹಳೆಯ ಪುಸ್ತಕವೂ ನಡೆಯುತ್ತದೆ, ಹೊಸ ಕಂಪ್ಯೂಟರೂ ನಡೆಯುತ್ತದೆ ಎಂದು ಬಿಟ್ಟಿದ್ದರೆ ಒಂದೇ ಸರ್ವೆ ನಂಬರಿಗೆ ಎರಡು ಸತ್ಯಗಳು ಹುಟ್ಟುತ್ತಿದ್ದವು. ಅವೆರಡರ ನಡುವಿನ ಕಂದಕದಲ್ಲಿ ಯಾರು ಬೆಳೆ ತೆಗೆಯುತ್ತಿದ್ದರೆಂದು ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ರಾಜ್ಯವನ್ನೆಲ್ಲ ಒಂದೇ ರಾತ್ರಿ ಬದಲಿಸಲೂ ಹೋಗದೆ ತಾಲ್ಲೂಕು ತಾಲ್ಲೂಕಾಗಿ ದಾಟಿಸಿದ್ದು ಈ ಕೆಲಸದ ವಿವೇಕ. ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳು ಹಾಗೇ ಕಂಪ್ಯೂಟರಿಗೂ ಬಂದವೆಂಬ ದೂರು ಇದ್ದೇ ಇದೆ, ಅದು ನಿಜವೂ ಹೌದು. ಆದರೆ ತಪ್ಪು ಎಲ್ಲಿದೆ, ತಿದ್ದಬೇಕಾದದ್ದು ಯಾವುದನ್ನು ಎಂಬ ಗೊಂದಲ ಹುಟ್ಟಲಿಲ್ಲ.

ಕ್ಲೌಡ್ ಟೇಬಲ್ಲಿಗೂ ಇಂಥ ಸಾರುವ ಗಳಿಗೆ ಬೇಕು. ದೊಡ್ಡ ನಕಲು ದಿನಗಟ್ಟಲೆ ನಡೆಯಲಿ, ಅದಕ್ಕೆ ಯಾರೂ ಬಾಗಿಲು ಹಾಕಬೇಕಿಲ್ಲ. ಬದಲಾವಣೆಗಳು ಹಿಂದಿನಿಂದ ಹರಿದು ಬಂದು ಹಳೆಯದಕ್ಕೂ ಹೊಸದಕ್ಕೂ ನಡುವಿನ ಅಂತರ ಕೆಲವು ಸೆಕೆಂಡಿಗೆ ಇಳಿಯಲಿ. ಚಿತ್ರದಲ್ಲಿ ಬಂದ ಕೋಟ್ಯಂತರ ಸಾಲುಗಳ ತಾಳೆಯೂ ಆ ದಿನಗಳಲ್ಲೇ ಮುಗಿಯಲಿ. ಆಮೇಲೆ, ಬಳಕೆ ಕಡಿಮೆ ಇರುವ ಒಂದು ನಡುರಾತ್ರಿ, ಹಳೆಯ ಟೇಬಲ್ಲಿಗೆ ಬರೆಯುವುದನ್ನು ನಿಲ್ಲಿಸಬೇಕು. ನಿಲ್ಲಿಸುವುದನ್ನು ಆ್ಯಪ್‌ಗಳಿಗೆ ಹೇಳಿ ಮಾಡಿಸಬಾರದು, ಟೇಬಲ್ಲಿನ ಬಾಗಿಲಲ್ಲೇ ಅನುಮತಿ ತಡೆದು ಮಾಡಬೇಕು. ಏಕೆಂದರೆ ಟೇಬಲ್ಲಿಗೆ ಬರೆಯುವವರು ಯಾರ್ಯಾರು ಎಂಬ ಪಟ್ಟಿ ಯಾವ ಕಚೇರಿಯಲ್ಲೂ ಪೂರ್ತಿ ಇರುವುದಿಲ್ಲ. ರಾತ್ರಿ ಎರಡಕ್ಕೆ ಏಳುವ ಒಂದು ಲೆಕ್ಕದ ಕೆಲಸ, ಮೂರು ವರ್ಷದ ಹಿಂದೆ ಯಾರೋ ಬರೆದಿಟ್ಟ ಪುಟ್ಟ ಪ್ರೋಗ್ರಾಂ ನೆನಪಿಗೆ ಬರುವುದು ಅವು ಬಾಗಿಲಿಗೆ ಬಂದು ಮುಗ್ಗರಿಸಿದಾಗಲೇ. ತಡೆ ಎಲ್ಲೆಡೆ ಹರಡಲು ಕೆಲವು ಕ್ಷಣ ಬೇಕು, ಕಾಯಬೇಕು. ಸ್ಟ್ರೀಮ್ ಒಂದೇ ಕಾಲುವೆಯಲ್ಲ, ಹಲವು ಕವಲುಗಳಾಗಿ ಹರಿಯುತ್ತದೆ; ಕೊನೆಯಲ್ಲಿ ಒಂದು ಗುರುತಿನ ಸಾಲು ಬರೆದು ಅದು ಆಚೆ ತಲುಪಿತೆಂದರೆ ಆ ಒಂದು ಕವಲು ಬತ್ತಿತೆಂದಷ್ಟೇ ಅರ್ಥ. ಎಲ್ಲ ಕವಲುಗಳೂ ಬತ್ತಿದ ಮೇಲೆ, ಕೊನೆಯ ಹೊತ್ತಿನಲ್ಲಿ ಬದಲಾದ ಸಾಲುಗಳನ್ನು ತಾಳೆ ನೋಡಿ, ಆ್ಯಪ್‌ಗಳನ್ನು ಹೊಸ ವಿಳಾಸಕ್ಕೆ ತಿರುಗಿಸಿ, ಹೊಸ ಟೇಬಲ್ಲಿಗೆ ಬರೆಯಲು ಬಿಡಬೇಕು. ತಯಾರಿ ಚೆನ್ನಾಗಿದ್ದರೆ ಇದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಬರೆಯುವ ಅಧಿಕಾರ ಯಾರ ಬಳಿಯೂ ಇಲ್ಲ. ಎರಡೂ ಕಡೆ ಒಟ್ಟಿಗೆ ಇರುವುದಕ್ಕಿಂತ ಇದು ಎಷ್ಟೋ ಮೇಲು.

ಇಪ್ಪತ್ತನಾಲ್ಕು ಗಂಟೆಯೂ ನಡೆಯಬೇಕಾದ ಈ ಕಾಲದಲ್ಲಿ ಬಾಗಿಲು ಹಾಕುವುದು ಹಳೆಯ ಕಾಲದ ಯೋಚನೆ, ಎರಡೂ ಕಡೆ ಒಟ್ಟಿಗೆ ಬರೆಯುತ್ತ ನಿಲ್ಲದೆ ಸಾಗಿಸಿದವರಿದ್ದಾರೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಪಾವತಿ ಕಂಪನಿ ಸ್ಟ್ರೈಪ್ ತನ್ನ ಕೋಟ್ಯಂತರ ದಾಖಲೆಗಳನ್ನು ನಿಲ್ಲಿಸದೆ ಸಾಗಿಸಿದ ಬಗೆಯನ್ನು 2017ರಲ್ಲಿ ವಿವರವಾಗಿ ಬರೆದಿತ್ತು. ಅದು ಒಳ್ಳೆಯ ಕೆಲಸ, ಓದಿ ಕಲಿಯಬೇಕಾದದ್ದು. ಆದರೆ ಅದರ ವಿವರ ನೋಡಿದರೆ ನಾಲ್ಕು ಹಂತಗಳು ಕಾಣುತ್ತವೆ: ಎರಡೂ ಕಡೆ ಬರೆಯುವುದು, ಓದುವುದನ್ನು ಹೊಸದಕ್ಕೆ ತಿರುಗಿಸುವುದು, ಬರೆಯುವುದನ್ನು ತಿರುಗಿಸುವುದು, ಹಳೆಯದನ್ನು ಕಳಚುವುದು. ಎರಡು ಕಡೆಯ ಉತ್ತರಗಳನ್ನು ಹೋಲಿಸಿ ನೋಡುವ ಸಾಧನ ಜೊತೆಗಿತ್ತು. ಅಧಿಕಾರ ಯಾವ ಹಂತದಲ್ಲಿ ಎಲ್ಲಿದೆ ಎಂಬ ಪ್ರಶ್ನೆಯನ್ನು ಅವರು ಬಿಟ್ಟುಬಿಡಲಿಲ್ಲ. ಹತ್ತು ನಿಮಿಷದ ನಿಲುಗಡೆಯ ಬದಲು ಹಂತಹಂತದ ಎಚ್ಚರವನ್ನು ತೆತ್ತರು. ಆ ಎಚ್ಚರಕ್ಕೆ ಬೇಕಾದ ಜನ, ಸಮಯ, ಶಿಸ್ತು ಇದ್ದವರಿಗೆ ಆ ದಾರಿ ಇದೆ. ಇಲ್ಲದವರು ಅದರ ಮೊದಲ ಹಂತವನ್ನು ಮಾತ್ರ ಅನುಕರಿಸಿದಾಗ ಅನಾಹುತ. ಎರಡು ಖಾತೆಗಳ ಎರಡು ಟೇಬಲ್ಲುಗಳಿಗೆ ಒಟ್ಟಿಗೆ ಬರೆಯುವಾಗ ಒಂದು ಬರಹ ನಿಂತು ಇನ್ನೊಂದು ಬಿದ್ದರೆ ಏನು ಮಾಡಬೇಕು? ಎರಡನ್ನೂ ಕಟ್ಟಿಹಾಕಿ ಆದರೆ ಎರಡೂ, ಇಲ್ಲವಾದರೆ ಯಾವುದೂ ಇಲ್ಲ ಎನ್ನುವ ಒಪ್ಪಂದ ಡೈನಮೊಡಿಬಿಯಲ್ಲಿ ಒಂದೇ ಖಾತೆಯ ಟೇಬಲ್ಲುಗಳ ನಡುವೆ ಮಾತ್ರ ಸಿಗುತ್ತದೆ. ಇನ್ನು ಜನರ ತಾಳ್ಮೆಯ ಮಾತು. ಇಂತಿಷ್ಟು ಗಂಟೆ ಸೇವೆ ಇರುವುದಿಲ್ಲ ಎಂದು ಬ್ಯಾಂಕು ಕಳಿಸುವ ಸಂದೇಶ ನಮ್ಮಲ್ಲಿ ಎಲ್ಲರ ಫೋನಿನಲ್ಲೂ ಇದೆ. ದೇಶದ ರೈಲು ಟಿಕೆಟ್ ಕಾಯ್ದಿರಿಸುವ ಸೇವೆ ನಡುರಾತ್ರಿಯ ಆಸುಪಾಸಿನಲ್ಲಿ ದಿನವೂ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ, ದೇಶ ಅದಕ್ಕೆ ಹೊಂದಿಕೊಂಡಿದೆ. ಜನ ಸಹಿಸದಿರುವುದು ಹೇಳದೆ ಕೇಳದೆ ಬಾಗಿಲು ಮುಚ್ಚುವುದನ್ನು, ಲೆಕ್ಕ ತಪ್ಪುವುದನ್ನು. ಆಸ್ಪತ್ರೆಯ ತುರ್ತು ಸೇವೆಯಂಥ ಕಡೆ ಹತ್ತು ನಿಮಿಷವೂ ದೊಡ್ಡದು, ಒಪ್ಪುತ್ತೇನೆ; ಅಲ್ಲಿ ಸ್ಟ್ರೈಪಿನ ದಾರಿಯನ್ನು ಪೂರ್ತಿಯಾಗಿ, ಅದರ ಎಲ್ಲ ಖರ್ಚಿನ ಸಮೇತ ಹಿಡಿಯಬೇಕು.

ಟಿಎಸ್‌ಬಿಯೂ ಆ ವಾರಾಂತ್ಯ ಸೇವೆ ನಿಲ್ಲಿಸಿಯೇ ಸಾಗಿಸಿತಲ್ಲ, ಮತ್ತೇಕೆ ಕೆಟ್ಟಿತು ಎಂದು ನನ್ನ ವಾದಕ್ಕೇ ತಿರುಗುಬಾಣ ಬಿಡಬಹುದು. ಬಾಗಿಲು ಹಾಕಿದ್ದು ಅಲ್ಲಿ ತಪ್ಪಾಗಲಿಲ್ಲ. ಬ್ಯಾಂಕು ತಾನೇ ನೇಮಿಸಿದ ಸ್ಲಾಟರ್ ಆ್ಯಂಡ್ ಮೇ ಎಂಬ ವಕೀಲ ಸಂಸ್ಥೆಯ 2019ರ ವರದಿ ಬೊಟ್ಟು ಮಾಡಿದ್ದು ಬೇರೆ ಕಡೆಗೆ: ಬಹುಪಾಲು ಎಲ್ಲವನ್ನೂ ಒಂದೇ ಸಲ ದಾಟಿಸಲು ಹೊರಟದ್ದು, ಎರಡು ಡೇಟಾ ಸೆಂಟರುಗಳ ಪೈಕಿ ಒಂದರ ಮೇಲೆ ಮಾತ್ರ ಹೊರೆಯ ಪರೀಕ್ಷೆ ನಡೆಸಿದ್ದು. ನಾನು ಹೇಳುತ್ತಿರುವುದು ಒಂದು ಟೇಬಲ್ಲಿಗೆ ಹತ್ತು ನಿಮಿಷ, ಆಮೇಲೆ ಇನ್ನೊಂದು ವಾರ ಇನ್ನೊಂದು ಟೇಬಲ್ಲು. ಭೂಮಿಯ ತಾಲ್ಲೂಕುಗಳ ಹಾಗೆ.

ಸಾಗಿಸುವುದೇ ಏಕೆ, ಟೇಬಲ್ಲನ್ನು ಇದ್ದಲ್ಲೇ ಬಿಟ್ಟು ಹೊಸ ಖಾತೆಯವರಿಗೆ ಅನುಮತಿ ಕೊಟ್ಟರಾಯಿತು ಎನ್ನುವವರೂ ಇದ್ದಾರೆ. 2024ರಿಂದ ಟೇಬಲ್ಲಿಗೇ ಅಂಟಿಸುವ ಅನುಮತಿ ಪತ್ರದ ಸೌಲಭ್ಯ ಬಂದ ಮೇಲೆ ಇದು ಸುಲಭವೂ ಆಗಿದೆ. ಒಂದೇ ಸಂಸ್ಥೆಯ ಎರಡು ತಂಡಗಳ ನಡುವೆ ಓದಲಿಕ್ಕೆ ಇಷ್ಟು ಸಾಕು, ಸಾಗಿಸುವ ಗೊಡವೆಗೇ ಹೋಗಬಾರದು. ಮಾರಾಟವಾದ ಕಂಪನಿಯ ವಿಷಯದಲ್ಲಿ ಅದು ನಡೆಯದು. ಅನುಮತಿ ಕೊಟ್ಟವರು ನಾಳೆ ಹಿಂತೆಗೆದುಕೊಳ್ಳಬಹುದು. ಅವರ ಖಾತೆಗೆ ಕನ್ನ ಬಿದ್ದರೆ ನಿಮ್ಮ ಟೇಬಲ್ಲೂ ಹೋಯಿತು. ಬಾಡಿಗೆ ಕರಾರಿಗೂ ಕ್ರಯಪತ್ರಕ್ಕೂ ಇರುವ ಅಂತರ ಅದು.

ಹಿಂದಕ್ಕೆ ಬರುವ ದಾರಿಯನ್ನು ಉಳಿಸಿಕೊಳ್ಳುವುದು ಹೆಚ್ಚಿನ ಯೋಜನೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ: ತೊಂದರೆಯಾದರೆ ಹಳೆಯದಕ್ಕೆ ಮರಳುವುದು. ಹೊಸ ಟೇಬಲ್ಲಿನಲ್ಲಿ ಒಂದು ಗಂಟೆ ಬರೆದ ಮೇಲೆ ಹಳೆಯದಕ್ಕೆ ಮರಳಿದರೆ ಆ ಒಂದು ಗಂಟೆಯ ಆರ್ಡರುಗಳು ಎಲ್ಲಿ ಹೋಗಬೇಕು? ಅಧಿಕಾರ ದಾಟಿದ ಮರುಕ್ಷಣದಿಂದ ಹರಿವು ತಿರುಗಿ, ಹೊಸದರ ಬದಲಾವಣೆಗಳು ಹಳೆಯದಕ್ಕೆ ಹೋಗುತ್ತಿದ್ದರೆ ಮಾತ್ರ ಮರಳುವ ದಾರಿ ಇದೆಯೆಂದು ಅರ್ಥ. ಈ ತಿರುಗುಹರಿವನ್ನು ಮೊದಲೇ ಕಟ್ಟಿ, ಒಮ್ಮೆ ಪ್ರಯೋಗ ಮಾಡಿ ನೋಡದವರು ಬಾಗಿಲು ಹಾಕುವ ರಾತ್ರಿಯನ್ನು ಮುಂದೂಡುವುದೇ ಲೇಸು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯ ಎಂಥದ್ದೆಂದು 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿ ಕಂಡುಕೊಂಡಿತು. ಎರಡು ಸರ್ವರುಗಳ ನಡುವೆ ನಕಲು ಸರಿಪಡಿಸುತ್ತಿದ್ದ ಎಂಜಿನಿಯರೊಬ್ಬರು ಅಳಿಸಬೇಕಾದದ್ದನ್ನು ಬಿಟ್ಟು ನಡೆಯುತ್ತಿದ್ದ ಸರ್ವರಿನ ಡೇಟಾ ಅಳಿಸಿದರು. ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಸೋಲುತ್ತಿತ್ತು, ಸೋತೆನೆಂದು ಅದು ಕಳಿಸುತ್ತಿದ್ದ ಇಮೇಲುಗಳು ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿತು. ಆ ಆರು ಗಂಟೆಗಳ ಡೇಟಾ ಹೋಯಿತು. ಖಾತೆ ಬದಲಿಸುವ ರಾತ್ರಿಯಲ್ಲಿ ಇದೇ ಅಪಾಯ ಇನ್ನೂ ಹತ್ತಿರದ್ದು. ಎರಡು ಕಿಟಕಿಗಳಲ್ಲಿ ಒಂದೇ ಹೆಸರಿನ ಎರಡು ಟೇಬಲ್ಲುಗಳು, ಒಂದೇ ಬಗೆಯ ಫಲಕ. ಬೇರೆಯಿರುವುದು ಮೂಲೆಯ 12 ಅಂಕಿಗಳು ಮಾತ್ರ.

ಆದ್ದರಿಂದ ಹಳೆಯ ಟೇಬಲ್ಲಿನ ಮೇಲೆ ಆ ರಾತ್ರಿ ಯಾರ ಕೈಗೂ ಅಳಿಸುವ ಅನುಮತಿ ಇರಬಾರದು. ಅಳಿಸುವುದನ್ನು ತಡೆಯುವ ಗುಂಡಿಯನ್ನು ಒತ್ತಿಟ್ಟು, ಬರೆಯುವ ಬಾಗಿಲನ್ನು ತಿರುಗುಹರಿವಿಗೊಂದೇ ತೆರೆದು, ತಿಂಗಳ ಕೊನೆಯ ಲೆಕ್ಕ, ಸಾಧ್ಯವಿದ್ದರೆ ತ್ರೈಮಾಸಿಕದ ಲೆಕ್ಕ ಹೊಸ ಮನೆಯಲ್ಲಿ ಒಮ್ಮೆ ಸುಸೂತ್ರವಾಗಿ ಮುಗಿಯುವವರೆಗೆ ಅದನ್ನು ಇಟ್ಟುಕೊಳ್ಳಬೇಕು. ಅದರ ಬಾಡಿಗೆ ಇಡೀ ಕೆಲಸದ ಖರ್ಚಿನಲ್ಲಿ ಸಣ್ಣ ಪಾಲು. ಆಮೇಲೆ ಹರಿವನ್ನು ನಿಲ್ಲಿಸಿ, ಓದಲು ಯಾರಾದರೂ ಇನ್ನೂ ಬರುತ್ತಿದ್ದಾರೋ ಎಂದು ಒಂದೆರಡು ವಾರ ದಾಖಲೆ ನೋಡಿ, ಯಾರೂ ಬರದಿದ್ದರೆ ಅಳಿಸಬಹುದು. ಗಳಿಗೆಯ ಚಿತ್ರದ ಸೌಲಭ್ಯ ಚಾಲೂ ಇದ್ದ ಟೇಬಲ್ಲನ್ನು ಅಳಿಸಿದಾಗ ಡೈನಮೊಡಿಬಿ ತಾನಾಗಿಯೇ ಅದರ ಕೊನೆಯ ಸ್ಥಿತಿಯ ಒಂದು ಬ್ಯಾಕಪ್ ತೆಗೆದು, ದುಡ್ಡು ಕೇಳದೆ 35 ದಿನ ಇಟ್ಟುಕೊಂಡಿರುತ್ತದೆ.